ಆಪರೇಟರಮ್ಮನ ಮನೆಗೆ ಒಂದು ಹಬ್

ಅಡುಗೆಮನೆಯ ದೀಪ ಹಾಕಲು ಮಗ ಕೆಲಸದಿಂದ ಬರುವವರೆಗೆ ಕಾಯಬೇಕಾಗಿ ಬಂದ ದಿನ ಆಪರೇಟರಮ್ಮ ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಗಣತಿ ಶುರು ಮಾಡಿದರು.

ಅವರು ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ನಿವೃತ್ತಿಯಾಗಿ ಹತ್ತು ವರ್ಷ ಕಳೆದರೂ ಬೀದಿಗೆಲ್ಲ ಅವರು ಆಪರೇಟರಮ್ಮನೇ. ಈಗಲೂ ಯಾರಾದರೂ ಫೋನ್ ಮಾಡಿ ಮಗನನ್ನು ಕೇಳಿದರೆ, ಮಗ ಪಕ್ಕದ ಕುರ್ಚಿಯಲ್ಲೇ ಕೂತಿದ್ದರೂ, "ಲೈನಲ್ಲಿರಿ, ಕೊಡ್ತೀನಿ" ಎನ್ನುತ್ತಾರೆ.

ನಾಲ್ಕು ಜನರ ಮನೆ. ಗಂಡ ಗಡಿಯಾರ ರಿಪೇರಿಯವರು. ಬೀದಿ ಕಡೆಯ ಕೋಣೆಯೇ ಅವರ ಅಂಗಡಿ. ಮಗ ರಂಗಮಂದಿರದಲ್ಲಿ ನಾಟಕಗಳಿಗೆ ಬೆಳಕು ಹಾಕುತ್ತಾನೆ. ಸೊಸೆ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಮೂರು ವರ್ಷದಲ್ಲಿ ಮೂವರೂ ತಂತಮ್ಮ ಕಸುಬಿಗೆ ತಕ್ಕ ಸಾಮಾನನ್ನು ಮನೆಗೆ ತಂದು ತುಂಬಿದ್ದರು. ಮಗ ಬಣ್ಣ ಬದಲಿಸುವ ಎಂಟು ಬಲ್ಬು ತಂದ. ಕಿಟಕಿ ಪರದೆಯನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ಎರಡು ಮೋಟಾರು, ಎರಡು ಪ್ಲಗ್ಗು ಗಡಿಯಾರದವರದು. ಸೊಸೆಯ ಪಾಲಿನದು ಬಾಗಿಲಿನ ಬೀಗ, ಸೆಕೆ ಅಳೆಯುವ ಎರಡು ಬಿಲ್ಲೆ, ಫ್ಯಾನಿನ ರಿಮೋಟಿನ ಬದಲು ಕೆಲಸ ಮಾಡುವ ಒಂದು ಪುಟ್ಟ ಡಬ್ಬಿ ಮತ್ತು ನೆಲ ಗುಡಿಸುವ ಯಂತ್ರ. ಫೋನಿನ ಜೊತೆ ಪುಕ್ಕಟೆ ಬಂದ ಸ್ಪೀಕರ್ ಒಂದು. ಹದಿನೆಂಟಾಯಿತು. ಹತ್ತೊಂಬತ್ತನೆಯದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಫ್ರಿಜ್ಜಿನ ಹಿಂದೆ ಹಸಿರು ದೀಪ ಮಿನುಗಿಸುತ್ತಾ ಅದು ತನ್ನ ಪಾಡಿಗೆ ತಾನಿತ್ತು.

ಐದು ಕಂಪನಿ, ಆರು ಆಪ್, ಎರಡು ಜಾತಿಯ ಫೋನು. ಬಲ್ಬುಗಳು ಸ್ಪೀಕರಿನ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಬೀಗ ಸೊಸೆಯ ಫೋನನ್ನು ಬಿಟ್ಟರೆ ಜಪ್ಪಯ್ಯ ಅಂದರೂ ಬೇರೆ ಯಾರಿಗೂ ಬಗ್ಗುತ್ತಿರಲಿಲ್ಲ. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಬಲ್ಬು ಮಗನ ಆಪ್‌ನಿಂದ ಮಾಯವಾಗುತ್ತದೆಂದು ಸ್ವಿಚ್ಚುಗಳ ಮೇಲೆಲ್ಲ ಟೇಪು ಅಂಟಿಸಲಾಗಿತ್ತು.

"ಒಂದೇ ಮನೇಲಿದ್ದೂ ಒಬ್ಬರ ಮಾತು ಒಬ್ಬರಿಗೆ ಗೊತ್ತಾಗಲ್ವಲ್ಲ ಇವಕ್ಕೆ," ಎಂದರು ಆಪರೇಟರಮ್ಮ.

"ನಮ್ಮನೆ ಗಾಳಿ ತಾಗಿದೆ," ಎಂದರು ಗಡಿಯಾರದವರು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ.

ಇದನ್ನೆಲ್ಲ ನಗುತ್ತಾ ಇನ್ನೂ ಹತ್ತು ವರ್ಷ ಹಾಗೇ ನಡೆಸಬಹುದಿತ್ತು. ಆದರೆ ಅಷ್ಟರಲ್ಲಿ ಅಕ್ಕನ ಸೊಂಟದ ಮೂಳೆ ಮುರಿಯಿತು.

ಆಪರೇಟರಮ್ಮನ ಅಕ್ಕ ನಾಲ್ಕು ವರ್ಷ ದೊಡ್ಡವರು, ಎಪ್ಪತ್ತೆರಡು. ಇಪ್ಪತ್ತೆಂಟು ವರ್ಷ ನಗರಸಭೆಯ ಈಜುಕೊಳದಲ್ಲಿ ಈಜು ಕಲಿಸಿದವರು. ಅಷ್ಟು ವರ್ಷ ನೀರಿನ ಅಂಚಿನಲ್ಲಿ ಓಡಾಡಿ ಒಮ್ಮೆಯೂ ಜಾರದವರು ಒಣಗಿದ ಬಾತ್‌ರೂಮ್ ಚಾಪೆಯ ಮೇಲೆ ಜಾರಿದರು. ಈ ಅವಮಾನದ ಮುಂದೆ ಮುರಿದ ಮೂಳೆಯ ನೋವು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಅವರ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಆಪರೇಟರಮ್ಮ ಆಸ್ಪತ್ರೆಗೆ ಹೋಗಿ, ನಮ್ಮನೆಗೇ ಬಂದುಬಿಡು, ಇನ್ನು ಜೊತೆಗಿರೋಣ ಎಂದಾಗ ಅಕ್ಕ ದಿಂಬಿನಡಿಯಿಂದ ಒಂದು ಕಾಗದ ತೆಗೆದು ತೋರಿಸಿದರು. ಹಿರಿಯರ ವಸತಿಗೃಹದ ಅರ್ಜಿ. ಎಲ್ಲ ತುಂಬಿತ್ತು, ಸಹಿಯೊಂದು ಬಾಕಿ.

"ನಿಮ್ಮನೇಲಿ ಲೈಟ್ ಹಾಕೋಕೂ ಪಾಸ್‌ವರ್ಡ್ ಬೇಕಂತೆ ಪುಟ್ಟಿ," ಎಂದರು ಅಕ್ಕ. ಅರವತ್ತೆಂಟರ ಆಪರೇಟರಮ್ಮನನ್ನು ಪುಟ್ಟಿ ಎನ್ನಲು ಭೂಮಿಯ ಮೇಲೆ ಉಳಿದಿರುವವರು ಅವರೊಬ್ಬರೇ. "ಬಾತ್‌ರೂಮಿಗೆ ಹೋಗ್ಬೇಕಾದಾಗೆಲ್ಲ ನಿನ್ನ ಮಗನ್ನ ಕೂಗ್ಲಾ?"

"ಕೂಗಿದ್ರೆ ಏನಕ್ಕ? ನೀನೇ ಎತ್ತಿ ಆಡ್ಸಿದ ಮಗು."

"ಅದಕ್ಕೇ ಬೇಡ. ಮುಳುಗೋ ಮಕ್ಕಳನ್ನ ಜುಟ್ಟು ಹಿಡಿದು ಎತ್ತಿದೋಳು ನಾನು. ನನ್ನ ಯಾರೂ ಎತ್ತಬಾರದು."

ಕೊನೆಗೆ ಒಂದು ಷರತ್ತು ಹಾಕಿದರು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಬರುವ ಭಾನುವಾರ ಸಂಜೆ ಬರುತ್ತೇನೆ. ಯಾರನ್ನೂ ಕರೆಯದೆ ದೀಪ ಹಾಕಬೇಕು, ಫ್ಯಾನ್ ತಿರುಗಿಸಬೇಕು, ಬಾಗಿಲು ತೆಗೆದು ಹೊರಗೆ ಹೋಗಿ ವಾಪಸ್ ಬರಬೇಕು. ಮೂರೂ ಆದರೆ ಇರುತ್ತೇನೆ. ಒಂದು ತಪ್ಪಿದರೂ ಅಲ್ಲೇ ಕೂತು ಸಹಿ ಹಾಕುತ್ತೇನೆ.

"ಇನ್ನೊಂದು," ಎಂದರು. "ನಾನು ಡಬ್ಬಿ ಜೊತೆ ಮಾತಾಡಲ್ಲ. ಒಂದ್ಸಲ ಹೇಳಿದ್ದನ್ನ ಎರಡನೇ ಸಲ ಹೇಳಿ ನಂಗೆ ಅಭ್ಯಾಸ ಇಲ್ಲ."

ಉಳಿದಿದ್ದು ಹನ್ನೆರಡು ದಿನ.

ಆಪರೇಟರಮ್ಮನಿಗೆ ಬೇಕಾದದ್ದು ಏನೆಂದು ಮಗ ಹೇಳಿದ. ಅದರ ಹೆಸರು ಹಬ್. ಎಲ್ಲ ಕಂಪನಿಯ ಸಾಮಾನುಗಳೂ ಅದಕ್ಕೆ ವರದಿ ಒಪ್ಪಿಸುತ್ತವೆ, ಅದು ಎಲ್ಲಕ್ಕೂ ಅಪ್ಪಣೆ ಕೊಡುತ್ತದೆ. ಅಮ್ಮ ಅರ್ಧಕ್ಕೇ ತಡೆದರು.

"ಇದು ನಮ್ಮ ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡು ಕಣೋ. ಇಷ್ಟುದ್ದ ಹೇಳ್ತೀಯಲ್ಲ."

ಮರುದಿನ ಅವರು ಅಂಗಡಿಗೆ ಹೋದರು. ಕೈಯಲ್ಲಿ ನೋಟ್‌ಬುಕ್ ಇತ್ತು. ಅದರಲ್ಲಿ ಹತ್ತೊಂಬತ್ತು ಸಾಲು: ಸಾಮಾನು ಯಾವುದು, ಯಾವ ಕಂಪನಿ, ತಂದವರು ಯಾರು, ವೈಫೈನಲ್ಲಿ ಮಾತಾಡುತ್ತದೋ ಬ್ಲೂಟೂತೋ ಜಿಗ್‌ಬೀಯೋ. ಹತ್ತೊಂಬತ್ತನೆಯ ಸಾಲಿನಲ್ಲಿ 'ಹಸಿರು ದೀಪ, ಮೌನ' ಎಂದಷ್ಟೇ ಬರೆದಿತ್ತು. ಟೈ ಕಟ್ಟಿದ ಅಂಗಡಿಯವನು ಟಿವಿಯಂಥ ಪರದೆ ಇರುವ ದೊಡ್ಡ ಹಬ್ ಒಂದನ್ನು ಎದುರಿಗಿಟ್ಟ.

"ಇದು ಎಲ್ಲಾ ಮಾಡುತ್ತಮ್ಮ."

"ಎಲ್ಲಾ ಅಂದ್ರೆ ಎಷ್ಟು? ನಾನು ಒಂದೊಂದೇ ಓದ್ತೀನಿ. ನೀವು ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ."

ಪರದೆಯ ಹಬ್ಬಿಗೆ ಹನ್ನೊಂದು ಹೌದು ಬಂದವು. ಬೆಣ್ಣೆಯ ಉಂಡೆಯಂಥ ದುಂಡನೆಯ ಬಿಳಿ ಹಬ್ಬಿಗೆ ಹದಿನಾರು. ಕೆಳಗಿನ ಶೆಲ್ಫಿನಲ್ಲಿ ಧೂಳು ಹಿಡಿದು ಕೂತಿದ್ದ, ಸೋಪಿನ ಡಬ್ಬಿಯನ್ನು ಹೋಲುವ ಬೂದು ಬಣ್ಣದ ಹಬ್ಬಿಗೆ ಹದಿನೇಳು.

"ಈಗ ಇಂಟರ್ನೆಟ್ ವೈರು ಕೀಳಿ," ಎಂದರು ಆಪರೇಟರಮ್ಮ.

"ಯಾಕಮ್ಮ?"

"ನಮ್ಮ ಬೀದೀಲಿ ವಾರಕ್ಕೊಂದ್ಸಲ ಅದೇ ಕಿತ್ಕೊಳ್ಳುತ್ತೆ."

ಅಂಗಡಿಯವನು ಅತ್ತಿತ್ತ ನೋಡಿ ವೈರು ಕಿತ್ತ. ಪರದೆಯ ಹಬ್ಬು ಸಂಪರ್ಕವಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಿತು. "ಇಷ್ಟು ಹೇಳೋಕೆ ಇಷ್ಟು ದೊಡ್ಡ ಮುಖ," ಎಂದು ಅದನ್ನು ಪಕ್ಕಕ್ಕೆ ಸರಿಸಿದರು. ಬಿಳಿ ಹಬ್ಬಿನ ತಲೆಯ ಮೇಲೆ ನೀಲಿ ಬೆಳಕು ಸುತ್ತತೊಡಗಿತು; ಇಬ್ಬರೂ ಕೈಕಟ್ಟಿ ನಿಂತು ನೋಡಿದರು, ಅದು ಸುತ್ತುತ್ತಲೇ ಇತ್ತು. ಸೋಪಿನ ಡಬ್ಬಿ ಮಾತ್ರ ಏನೂ ಆಗಿಲ್ಲವೆಂಬಂತೆ ಟಕ್ಕೆಂದು ಅಂಗಡಿಯ ಬಲ್ಬು ಹೊತ್ತಿಸಿತು.

"ಮಾತಾಡದೆ, ಫೋನ್ ಮುಟ್ಟದೆ, ಬರೀ ಗುಂಡಿ ಒತ್ತಿ ಕೆಲಸ ಮಾಡಿಸಬಹುದಾ?"

"ಮಾಡಿಸಬಹುದು. ಬೆರಳಷ್ಟು ದೊಡ್ಡ ಗುಂಡಿಗಳು ಬರ್ತವೆ, ಎಲ್ಲಿ ಬೇಕಾದ್ರೂ ಅಂಟಿಸ್ಬಹುದು. ಅಮ್ಮ, ನೀವು ಯಾವ ಕಂಪನಿಯಿಂದ ಬಂದಿದ್ದೀರಿ?"

"ಮನೆಯಿಂದ."

ಏಳು ದಿನ ಇಟ್ಟುಕೊಂಡು ನೋಡಿ ಬೇಡವಾದದ್ದನ್ನು ವಾಪಸ್ ಕೊಡಬಹುದೆಂದು ಅಂಗಡಿಯವನು ಹೇಳಿದ. ಬಿಳಿಯದು, ಬೂದುಬಣ್ಣದ್ದು ಎರಡನ್ನೂ ಅವರು ಮನೆಗೆ ತಂದರು.

ಮನೆಯವರು ಬಿಳಿಯದಕ್ಕೆ ಮಾರುಹೋದರು. ಅದರ ಆಪ್‌ನಲ್ಲಿ ಮನೆಯ ನಕ್ಷೆ ಬಣ್ಣಬಣ್ಣವಾಗಿ ಮೂಡುತ್ತಿತ್ತು. ಬೂದುಬಣ್ಣದ್ದರ ಆಪ್ ನೋಡಿದರೆ ತೆರಿಗೆ ಕಚೇರಿಯ ನಮೂನೆಯಂತಿತ್ತು. ಮತ ಹಾಕಿದರು, ಮೂರಕ್ಕೆ ಒಂದು. ನಾಲ್ಕನೆಯ ದಿನ ಬೀದಿಯ ಇಂಟರ್ನೆಟ್ ಕೈಕೊಟ್ಟಿತು, ಬಿಳಿಯದು ಸುತ್ತತೊಡಗಿತು, ಮತದಾನ ರದ್ದಾಯಿತು. ಆಪರೇಟರಮ್ಮ ಬಿಳಿ ಹಬ್ಬನ್ನು ಡಬ್ಬಕ್ಕೆ ಹಾಕಿ, ಡಬ್ಬವನ್ನು ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೆ ಹಾಕಿದ್ದನ್ನು ಮೂವರೂ ನೋಡಿದರು. ಅಂಗಡಿಗೆ ವಾಪಸ್ ಹೋಯಿತೆಂದು ತಿಳಿದರು.

ಮುಂದಿನ ಒಂದು ವಾರ ಆಪರೇಟರಮ್ಮ ಮೂವತ್ತು ವರ್ಷ ಚಿಕ್ಕವರಾದರು. ಸ್ಟೂಲು ಹತ್ತಿ ಇಳಿದು ಒಂದೊಂದೇ ಸಾಮಾನನ್ನು ಹೊಸ ಬೋರ್ಡಿಗೆ ಜೋಡಿಸಿದರು. ಒಂದು ಬಲ್ಬು ಹೊತ್ತಿದರೆ "ಬಂತು ಲೈನು" ಎಂದು ಒಬ್ಬರೇ ನಗುತ್ತಿದ್ದರು. ಮನೆಯವರನ್ನು ಕೂರಿಸಿ ಎಕ್ಸ್‌ಚೇಂಜಿನ ಒಂದು ಕಟ್ಟಳೆಯನ್ನೂ ಹೇಳಿದರು. ಪಾಳಿ ಬದಲಾಗುವಾಗ ಎದ್ದುಹೋಗುವವಳು ಹೆಡ್‌ಫೋನ್ ತೆಗೆದು, ಬಂದವಳ ಕೈಗಿಟ್ಟು, "ಬೋರ್ಡ್ ಕೊಟ್ಟೆ" ಎನ್ನಬೇಕು. ಬಂದವಳು "ಬೋರ್ಡ್ ತಗೊಂಡೆ" ಎನ್ನಬೇಕು. ಕೊಟ್ಟ ಮೇಲೆ ಮೊದಲಿನವಳು ಒಂದು ವೈರನ್ನೂ ಮುಟ್ಟುವ ಹಾಗಿಲ್ಲ. ಒಮ್ಮೆ ಇಬ್ಬರು ಹುಡುಗಿಯರು ಇದನ್ನು ಮರೆತು ಒಂದೇ ಬೋರ್ಡಿಗೆ ನಾಲ್ಕು ಕೈ ಹಾಕಿದ್ದರು. ಆವತ್ತು ಬೇಕರಿಗೆ ಹೋಗಬೇಕಿದ್ದ ಫೋನು ಅಗ್ನಿಶಾಮಕ ಠಾಣೆಗೆ ಹೋಗಿ, ಒಂದು ಹುಟ್ಟುಹಬ್ಬದ ಕೇಕಿಗೆ ಎರಡು ಗಾಡಿ ಬಂದು ನಿಂತಿದ್ದವು.

"ಅದಕ್ಕೇ ಹೇಳ್ತಿರೋದು. ಎಲ್ಲರೂ ನಿಮ್ಮ ನಿಮ್ಮ ಆಪ್‌ನಲ್ಲಿರೋ ಹಳೇ ಟೈಮ್‌ಟೇಬಲ್ ಅಳಿಸ್ಬಿಡಿ."

"ಆಯ್ತಮ್ಮ."

"ಆಯ್ತತ್ತೆ."

"ಹೂಂ," ಎಂದರು ಗಡಿಯಾರದವರು.

ಭಾನುವಾರ ಸಂಜೆ ಐದು ನಲವತ್ತಕ್ಕೆ ಅಕ್ಕ ಬಂದರು. ಕೈಯಲ್ಲಿ ನಾಲ್ಕು ಕಾಲಿನ ವಾಕರ್, ಕೊರಳಲ್ಲಿ ಈಜುಕೊಳದ ಹಳೆಯ ಸೀಟಿ, ಹೆಗಲ ಚೀಲದಲ್ಲಿ ಅರ್ಜಿ. ಆಪರೇಟರಮ್ಮ ವಾಕರಿನ ಹಿಡಿಗೆ ಮೂರು ಗುಂಡಿ ಅಂಟಿಸಿದರು: ಬಿಳಿ ದೀಪಕ್ಕೆ, ನೀಲಿ ಫ್ಯಾನಿಗೆ, ಹಸಿರು ಬಾಗಿಲಿಗೆ.

ಅಕ್ಕ ತಮಗಾಗಿ ಅಣಿಮಾಡಿದ ಕೋಣೆಗೆ ಹೋಗಿ ಬಿಳಿ ಗುಂಡಿ ಒತ್ತಿದರು. ದೀಪ ಹೊತ್ತಿತು.

"ಒಂದು," ಎಂದರು ಅಕ್ಕ.

ನೀಲಿ ಗುಂಡಿ ಒತ್ತಿದರು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರು. ಮತ್ತೆ ಅರ್ಧ ಸುತ್ತು.

"ಇದೇನು, ನನ್ನ ನೋಡಿ ನಾಚ್ಕೊಳ್ತಿದೆಯಾ?"

ಆಪರೇಟರಮ್ಮ ಬಾಯಿ ತೆರೆಯುವಷ್ಟರಲ್ಲಿ ಹಾಲಿನ ಗಡಿಯಾರ ಆರು ಹೊಡೆಯಿತು.

ಹಾಲಿನ ಎರಡೂ ಪರದೆ ತಾವಾಗಿ ಮುಚ್ಚಿಕೊಂಡವು. ಇನ್ನೂ ತನ್ನ ಆರು ಗಂಟೆಯಾಗಿಲ್ಲವೆಂದು ಹಬ್ಬು ತೆರೆಯಿತು. ಮತ್ತೆ ಮುಚ್ಚಿದವು. ಎಂಟು ಬಲ್ಬುಗಳು ನಿಧಾನವಾಗಿ ಕಿತ್ತಳೆಯಾಗಿ, ಕಿತ್ತಳೆಯಿಂದ ನೇರಳೆಯಾಗಿ, ಮನೆಯೆಲ್ಲ ನಾಟಕದ ಕೊನೆಯ ಅಂಕದಂತೆ ಕಾಣತೊಡಗಿತು. ಪರದೆಯ ಮೋಟಾರಿಗೆ ಏನಾಯಿತೆಂದು ಹೊರಗಿನಿಂದ ನೋಡಲು ಗಡಿಯಾರದವರು ಬಾಗಿಲು ದಾಟಿದರು. ಹತ್ತು ಸೆಕೆಂಡಿಗೆ ಬೀಗ ಅವರ ಬೆನ್ನ ಹಿಂದೆ ತಾನಾಗಿ ಬಿತ್ತು. ಮಂಚದ ಕೆಳಗಿನಿಂದ ಗುಡಿಸುವ ಯಂತ್ರ ಗುರುಗುಟ್ಟುತ್ತಾ ಹೊರಬಂದು ಅಕ್ಕನ ವಾಕರಿನ ಸುತ್ತ ಪ್ರದಕ್ಷಿಣೆ ಹಾಕಿತು. ಸ್ಪೀಕರ್ ಯಾರೂ ಕೇಳದ ನಾಳಿನ ಹವಾಮಾನ ಹೇಳಿತು. ಮಗ ಬಲ್ಬಿಗೂ ಸೊಸೆ ಬೀಗಕ್ಕೂ ಓಡಿ ನಡುವೆ ಡಿಕ್ಕಿ ಹೊಡೆದುಕೊಂಡರು.

ಅಕ್ಕ ಕುರ್ಚಿಯಲ್ಲಿ ಕೂತು, ಯಂತ್ರಕ್ಕೆ ದಾರಿ ಬಿಟ್ಟು ಕಾಲೆತ್ತಿ, ಸೀಟಿ ಊದಿದರು.

ಇಪ್ಪತ್ತೆಂಟು ವರ್ಷದ ಸೀಟಿ ಅದು. ಮನುಷ್ಯರೆಲ್ಲ ನಿಂತಲ್ಲೇ ನಿಂತರು. ಯಂತ್ರಗಳು ಮಾತ್ರ ನಿಲ್ಲಲಿಲ್ಲ.

"ಎಲ್ಲರೂ ನೀರಿಂದ ಹೊರಗೆ," ಎಂದರು ಅಕ್ಕ. "ಯಾರ್ಯಾರು ಕೊಳದಲ್ಲಿದ್ದೀರಿ, ಈಗಲೇ ಹೇಳಿ."

ಆಪರೇಟರಮ್ಮ ಮಗನ ಮುಖ ನೋಡಿದರು. ಮಗ ನೆಲ ನೋಡಿದ.

"ಆರು ಗಂಟೆ ಸೀನು ಅಳಿಸೋಕೆ ಮನಸ್ಸಾಗ್ಲಿಲ್ಲಮ್ಮ. ಎರಡು ತಿಂಗಳು ಕೂತು ಮಾಡಿದ್ದು. ನಂದೊಂದೇ ಅಲ್ವಾ, ಏನಾಗುತ್ತೆ ಅಂತ."

"ನಾನೂ ಬೀಗದ್ದು ಬಿಟ್ಟಿದ್ದೆ ಅತ್ತೆ," ಎಂದಳು ಸೊಸೆ. "ಗುಡಿಸೋದರದ್ದೂ. ಇವರೆಲ್ಲ ಅಳಿಸಿರ್ತಾರೆ, ನಂದೊಂದು ಇರ್ಲಿ ಅಂದ್ಕೊಂಡೆ."

ಕಿಟಕಿಯ ಸರಳಿನಾಚೆ ಗಡಿಯಾರದವರ ಮುಖ ಕಾಣಿಸಿತು. "ನಂದು ಪರದೆ," ಎಂದರು ಅವರು. "ಇವಳೇ, ಆರು ಗಂಟೆಗೆ ಪರದೆ ಮುಚ್ಚೋದು ಹೊಸ ಡಬ್ಬಿಗೆ ಆರು ಗಂಟೆ ಮೂರು ಸೆಕೆಂಡ್ ಆಗ್ತಿತ್ತು. ನನ್ನ ಕೈಲಿ ನೋಡೋಕಾಗ್ಲಿಲ್ಲ."

ಸೊಸೆ ಬಾಗಿಲು ತೆಗೆಯಲು ಹೋದಳು. "ಮುಟ್ಟಬೇಡ," ಎಂದರು ಅಕ್ಕ. "ಬಾಗಿಲು ನನ್ನ ಮೂರನೇ ಪರೀಕ್ಷೆ. ಗಡಿಯಾರದೋರೇ, ಸ್ವಲ್ಪ ಗಾಳಿ ಕುಡೀರಿ."

ಆಪರೇಟರಮ್ಮ ಒಬ್ಬೊಬ್ಬರ ಮುಂದೆಯೂ ಕೈ ಚಾಚಿದರು. ಮಗ ತನ್ನ ಆರು ಗಂಟೆಯ ಸೀನು ಅಳಿಸಿ, ಫೋನು ಕೈಗಿಟ್ಟು, "ಬೋರ್ಡ್ ಕೊಟ್ಟೆ" ಎಂದ. ಬಲ್ಬುಗಳು ಬಿಳಿಯಾದವು. "ಬೋರ್ಡ್ ತಗೊಂಡೆ," ಎಂದರು ಅಮ್ಮ. ಸೊಸೆ ಕೊಟ್ಟಳು, ಗುಡಿಸುವ ಯಂತ್ರ ಬಾಲ ಮುದುರಿದಂತೆ ಮಂಚದಡಿಗೆ ಹೋಯಿತು. ಗಡಿಯಾರದವರು ಸರಳಿನ ಸಂದಿಯಿಂದ ಫೋನು ತೂರಿಸಿ, ಬಹಳ ಗಂಭೀರವಾಗಿ, "ಬೋರ್ಡ್ ಕೊಟ್ಟೆ" ಎಂದರು. ಪರದೆಗಳು ಸುಮ್ಮನಾದವು.

ಮನೆ ತಣ್ಣಗಾಯಿತು. ಅಕ್ಕ ಮತ್ತೆ ನೀಲಿ ಗುಂಡಿ ಒತ್ತಿದರು.

ಅರ್ಧ ಸುತ್ತು.

ಅಕ್ಕ ಗುಂಡಿಯಿಂದ ಬೆರಳು ತೆಗೆದರು. ಚೀಲ ತೆರೆದು ಅರ್ಜಿ ತೆಗೆದರು. ಪೆನ್ನು ಹುಡುಕಿದರು. ಪೆನ್ನು ಸಿಕ್ಕಿತು. ಮುಚ್ಚಳ ತೆಗೆದು ಅರ್ಜಿಯನ್ನು ತೊಡೆಯ ಮೇಲೆ ಹರಡಿದರು.

ಆಪರೇಟರಮ್ಮ ಫ್ಯಾನನ್ನು ನೋಡುತ್ತಾ ನಿಂತಿದ್ದರು. ಅದರ ರಿಮೋಟಿನಲ್ಲಿ ಹಾಕಲೂ ಆರಿಸಲೂ ಒಂದೇ ಬಟನ್ನು. ಒಮ್ಮೆ ಒತ್ತಿದರೆ ತಿರುಗುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಅಕ್ಕ ಒಂದು ಸಲ ಒತ್ತಿದ್ದನ್ನು ಫ್ಯಾನು ಎರಡು ಸಲ ಎಂದು ತಿಳಿಯುತ್ತಿದೆ. ಯಾರೋ ಇನ್ನೊಬ್ಬರು ಅದೇ ಅಪ್ಪಣೆಯನ್ನು ಅರೆಗಳಿಗೆ ತಡವಾಗಿ, ಅಷ್ಟೇ ನಿಷ್ಠೆಯಿಂದ ದಾಟಿಸುತ್ತಿದ್ದಾರೆ. ಆ ಇನ್ನೊಬ್ಬರು ಯಾರೆಂದು ಹೊಳೆದಾಗ ಅವರ ಕಿವಿ ಕೆಂಪಾಯಿತು.

"ಅಕ್ಕ, ಸಹಿ ಹಾಕ್ಬೇಡ. ಲೈನಲ್ಲಿರು."

ಅವರು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಹಿಂದೆ ತೋಳು ತೂರಿಸಿದರು. ಏನೋ ಕಿತ್ತ ಸದ್ದು. ಹಿಂದಿರುಗಿದಾಗ ಅವರ ಅಂಗೈಯಲ್ಲಿ ಬೆಣ್ಣೆಯ ಉಂಡೆಯಂಥ ಬಿಳಿ ಹಬ್ಬು ಇತ್ತು.

"ಅಲ್ಲಿ ಮಿನುಗ್ತಿದ್ದದ್ದು ಅದಾ?" ಎಂದ ಮಗ.

"ಮಿನುಗೋದು ಬೇರೆ. ಅದೇನಂತ ನಂಗೂ ಗೊತ್ತಿಲ್ಲ. ಇದನ್ನ ಅದರ ಪಕ್ಕ ಇಟ್ಟಿದ್ದೆ."

"ವಾಪಸ್ ಕೊಡೋಕೆ ಹೋಗಿದ್ದಿರಲ್ಲ ಅತ್ತೆ?"

"ಬೀದಿ ತುದೀವರೆಗೂ ಹೋಗಿದ್ದೆ." ಆಪರೇಟರಮ್ಮ ಅಕ್ಕನ ಕಡೆಗೆ ತಿರುಗಿದರು. "ಎಕ್ಸ್‌ಚೇಂಜಲ್ಲಿ ಯಾವತ್ತೂ ಒಂದು ಸ್ಟ್ಯಾಂಡ್‌ಬೈ ಬೋರ್ಡು ಇರ್ತಿತ್ತು ಅಕ್ಕ. ನಿನ್ನ ವಿಷಯದಲ್ಲಿ ಒಂದೇ ಬೋರ್ಡು ನಂಬ್ಕೊಂಡು ಕೂರೋಕೆ ಧೈರ್ಯ ಬರ್ಲಿಲ್ಲ. ಬೂದು ಡಬ್ಬಿ ಕೆಟ್ರೆ ಇದು ಇರ್ಲಿ ಅಂತ ಫ್ಯಾನಿನ ಗುಂಡಿ ಎರಡಕ್ಕೂ ಜೋಡ್ಸಿದ್ದೆ. ಸ್ಟ್ಯಾಂಡ್‌ಬೈ ಆರಿಸಿಡ್ಬೇಕು ಅನ್ನೋದನ್ನೇ ಮರ್ತೆ. ಇಡೀ ವಾರ ಇವರಿಗೆಲ್ಲ ಪಾಠ ಹೇಳಿದೋಳು ನಾನು."

ಅಕ್ಕ ತಂಗಿಯ ಮುಖ ನೋಡಿದರು, ಅಂಗೈಯ ಮೇಲಿನ ಉಂಡೆ ನೋಡಿದರು. ಮೊದಲು ಅವರ ಭುಜ ಕುಲುಕಿತು. ಆಮೇಲೆ ನಗು ಬಂತು, ನಿಲ್ಲಲಿಲ್ಲ. ಬಿದ್ದ ದಿನದಿಂದ ಅವರು ನಕ್ಕಿರಲಿಲ್ಲ. ಸೊಂಟ ಹಿಡಿದುಕೊಂಡು, "ಅಯ್ಯೋ, ನಗಿಸ್ಬೇಡ ಪುಟ್ಟಿ, ಹೊಲಿಗೆ ಬಿಚ್ಚುತ್ತೆ," ಎನ್ನುತ್ತಾ ನಕ್ಕರು. ಸೊಸೆ ಗೋಡೆಗೆ ಒರಗಿ ನಕ್ಕಳು. ಮಗ ನೆಲದ ಮೇಲೇ ಕೂತ. ಒಳಗೇನಾಯಿತೆಂದು ತಿಳಿಯದೆ ಕಿಟಕಿಯಾಚೆ ಗಡಿಯಾರದವರೂ ನಗತೊಡಗಿದರು.

"ಕೊಡು ಅದನ್ನ," ಎಂದು ಅಕ್ಕ ಬಿಳಿ ಹಬ್ಬನ್ನು ಕಸಿದು ಚೀಲಕ್ಕೆ ಹಾಕಿಕೊಂಡರು. "ನೀನೂ ಹೇಳು."

"ಬೋರ್ಡ್ ಕೊಟ್ಟೆ," ಎಂದರು ಆಪರೇಟರಮ್ಮ, ಸಣ್ಣ ದನಿಯಲ್ಲಿ.

ಅಕ್ಕ ನೀಲಿ ಗುಂಡಿ ಒತ್ತಿದರು. ಫ್ಯಾನು ಅರ್ಧ ಸುತ್ತು ತಿರುಗಿತು. ಒಂದು ಸುತ್ತಾಯಿತು. ರೆಕ್ಕೆಗಳು ಒಂದರಲ್ಲೊಂದು ಕರಗಿ, ತೊಡೆಯ ಮೇಲಿದ್ದ ಅರ್ಜಿ ಪಟಪಟನೆ ಬಡಿದು ಹಾರಿಹೋಯಿತು. ಅದನ್ನು ಹಿಡಿಯಲು ಯಾರೂ ಏಳಲಿಲ್ಲ.

"ಎರಡು."

ಅಕ್ಕ ಎದ್ದರು. ವಾಕರ್ ಒಂದು ಹೆಜ್ಜೆ, ಕಾಲು ಒಂದು ಹೆಜ್ಜೆ. ಹಾಲು ದಾಟಲು ಅವರಿಗೆ ಸಾಕಷ್ಟು ಹೊತ್ತು ಹಿಡಿಯಿತು. ಯಾರೂ ಕೈ ಕೊಡಲಿಲ್ಲ. ಆಪರೇಟರಮ್ಮ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದರು. ಬಾಗಿಲ ಬಳಿ ಅಕ್ಕ ಹಸಿರು ಗುಂಡಿ ಒತ್ತಿದರು. ಬೀಗ ಕಳಕ್ಕೆಂದಿತು, ಬಾಗಿಲು ತೆರೆಯಿತು. ಹೊಸ್ತಿಲಾಚೆ ಗಡಿಯಾರದವರು ಕೈಗಡಿಯಾರ ನೋಡುತ್ತಾ ನಿಂತಿದ್ದರು.

"ನಾನು ಹೊರಗಿದ್ದು ಹದಿನಾಲ್ಕು ನಿಮಿಷ, ನಲವತ್ತು ಸೆಕೆಂಡ್," ಎಂದರು ಅವರು.

"ದಾರಿ ಬಿಡಿ. ನಾನು ವಾಕಿಂಗ್ ಹೊರಟಿದ್ದೀನಿ."

ಅವರು ಗೇಟಿನವರೆಗೆ ಹೋಗಿ, ಬೀದಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ವಾಪಸ್ ಬಂದರು. ಹಸಿರು ಗುಂಡಿ ಒತ್ತಿ ಒಳಗೆ ಬಂದು, ಮತ್ತೆ ಒತ್ತಿ ಬಾಗಿಲು ಹಾಕಿಕೊಂಡರು. ಗಡಿಯಾರದವರು ಇನ್ನೂ ಹೊರಗೇ ಇದ್ದರು. ಅದು ನೆನಪಾಗಿ ಇನ್ನೊಮ್ಮೆ ಒತ್ತಿದರು.

"ಮೂರು," ಎಂದರು. ಆಮೇಲೆ ತಂಗಿಯ ಕಡೆ ತಿರುಗಿ, "ಬೋರ್ಡ್ ತಗೊಂಡೆ."

ಮರುದಿನ ಬೆಳಿಗ್ಗೆ ಮಂಚದ ಅಡಿಯಲ್ಲಿ ಸಿಕ್ಕ ಅರ್ಜಿಯ ಬೆನ್ನ ಮೇಲೆ ಅಕ್ಕ ಮನೆಯ ನಿಯಮಗಳನ್ನು ಬರೆದರು. ಮೊದಲ ಎರಡು ಈಜುಕೊಳದವೇ: ಓಡಬಾರದು, ತಳ್ಳಾಡಬಾರದು. ಮೂರನೆಯದು, ಒಬ್ಬರು ಬೋರ್ಡಿನಲ್ಲಿದ್ದಾಗ ಇನ್ನೊಬ್ಬರು ಕೈ ಹಾಕಬಾರದು. ನಾಲ್ಕನೆಯದನ್ನು ಗಡಿಯಾರದವರ ಒತ್ತಾಯಕ್ಕೆ ಸೇರಿಸಿದ್ದು: ಪರದೆ ಆರು ಗಂಟೆಗೆ ಸರಿಯಾಗಿ ಮುಚ್ಚಬೇಕು, ಮೂರು ಸೆಕೆಂಡು ಮಾಫಿ. ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಫ್ರಿಜ್ಜಿನ ಹಿಂದೆ ಹಸಿರು ದೀಪ ಇನ್ನೂ ಮಿನುಗುತ್ತಿದೆ. ಅದನ್ನು ಕೀಳಲು ಯಾರಿಗೂ ಧೈರ್ಯವಿಲ್ಲ.